ನಾನೇ ಬರೆದ ಆರನೇ ನಿಯಮ

ಏಪ್ರಿಲ್ 13, 2015. ಸೋಮವಾರ

ಎದ್ದೆ, ಹಲ್ಲುಜ್ಜಿದೆ, ಬೆಲ್ಟಿಗೆ ಖಾಲಿ ಒರೆ ಸಿಕ್ಕಿಸಿಕೊಂಡೆ, ಎಂಟು ಗಂಟೆಯ ಕ್ಲಾಸಿಗೆ ಓಡಿದೆ. ಐದು ದಿನವೂ ಇದೇ. ಇದು ನಮ್ಮ ಪ್ರತಿಭಟನೆ, ಖಾಲಿ ಒರೆ ವಾರ — ಸೊಂಟದಲ್ಲಿ ಪಿಸ್ತೂಲಿನ ಒರೆ ಇರುತ್ತದೆ, ಒಳಗೆ ಪಿಸ್ತೂಲು ಇರುವುದಿಲ್ಲ. ಲೈಸೆನ್ಸ್ ಇದ್ದವರು ಕಿರಾಣಿ ಅಂಗಡಿಗೆ ಒಯ್ಯಬಹುದು, ಸಿನಿಮಾಕ್ಕೆ ಒಯ್ಯಬಹುದು. ಕಾಲೇಜು ಕಟ್ಟಡದ ಹೊಸ್ತಿಲು ದಾಟಿದರೆ ಮಾತ್ರ ಅಪರಾಧ. ಟೆಕ್ಸಸ್‌ನಲ್ಲೇ ಹೀಗೆ, ಇನ್ನು ಬೇರೆ ಕಡೆಯವರನ್ನು ಏನು ಅನ್ನುವುದು.

ಹೋದ ವರ್ಷ ಒಂಬತ್ತು ಜನ ಇದ್ದೆವು. ಈ ಸಲ ನಲವತ್ತೊಂದು. ವೇಡ್ ಟನೆಲ್ ನಮ್ಮ ಪಿಸ್ತೂಲು ಹಕ್ಕಿನ ಸಂಘದ ಉಪಾಧ್ಯಕ್ಷ, ಮುಂದೆ ದನದ ಡಾಕ್ಟರಾಗುವವನು, ಅಜ್ಜನ ಕಾಲದ ಚರ್ಮದ ಒರೆ ಕಟ್ಟಿಕೊಂಡು ಬಂದಿದ್ದ. ಒಳಗೆ ಪೆನ್ನು ಇಟ್ಟುಕೊಂಡಿದ್ದಾನೆ ಪುಣ್ಯಾತ್ಮ.

ಕ್ಯಾಂಟೀನ್ ಸಾಲಿನಲ್ಲಿ ಹಿಂದಿನಿಂದ ಯಾರೋ ನನ್ನ ಒರೆಗೆ ಕ್ಯಾರೆಟ್ ತುರುಕಿದರು. ತಿರುಗಿದೆ. ಮೂವರು ನಗು ತಡೆಯಲು ಒದ್ದಾಡುತ್ತಿದ್ದರು. ಕ್ಯಾರೆಟ್ ತೆಗೆದು ಅಲ್ಲೇ ಕಚ್ಚಿ ತಿಂದೆ. ಲೋಡ್ ಮಾಡಿಕೊಟ್ಟದ್ದಕ್ಕೆ ಥ್ಯಾಂಕ್ಸ್ ಎಂದೆ. ಅವರೂ ನಕ್ಕರು. ಒಬ್ಬಳು ನಮ್ಮ ಕರಪತ್ರ ಇಸಿದುಕೊಂಡಳು ಕೂಡ.

ರಾಜ್ಯಶಾಸ್ತ್ರದ ಸ್ಟ್ರೌಡ್ ಮೇಡಂ ನಮಗೆ ಪೂರ್ತಿ ವಿರುದ್ಧ. ಆದರೂ ನನಗೆ ಇಷ್ಟ. ಹಿಂದೊಂದು ಮುಂದೊಂದು ಮಾತಾಡುವವರಲ್ಲ. ಕ್ಲಾಸ್ ಮುಗಿದ ಮೇಲೆ ನಿಲ್ಲಿಸಿದರು.

“ಡಾರ್ಸಿ, ಅದು ಖಾಲಿ ಅಂತ ನಂಗೊತ್ತು. ಆದ್ರೂ ಪಾಠ ಮಾಡೋವಾಗ ಕಣ್ಣು ಅಲ್ಲಿಗೇ ಹೋಗತ್ತೆ.”

“ಕಾನೂನು ಬಂದ್ಮೇಲೆ ಶರ್ಟಿನ ಒಳಗಿರತ್ತೆ ಮೇಡಂ. ನಿಮಗೆ ಕಾಣೋದೇ ಇಲ್ಲ.”

“ಅದೇ ಕಣೇ ನನ್ನ ತೊಂದರೆ.”

ಉತ್ತರ ಹೊಳೆದದ್ದು ಮೆಟ್ಟಿಲು ಇಳಿದ ಮೇಲೆ. ನಾಳೆ ಹೇಳುತ್ತೇನೆ.

ಏಪ್ರಿಲ್ 16. ಗುರುವಾರ

ಊರಿನ ರೇಡಿಯೋದವರು ಬಂದಿದ್ದರು. ಹುಡುಗಿಗೆ ಇದೆಲ್ಲ ಯಾಕೆ ಎಂದು ಕೇಳಿದರು. ಹುಡುಗಿಗೇ ಬೇಕು ಎಂದೆ. ಹೋದ ಅಕ್ಟೋಬರಿನ ಕಥೆ ಹೇಳಿದೆ. ಲ್ಯಾಬ್ ಮುಗಿಸಿ ಪಾರ್ಕಿಂಗಿಗೆ ಬಂದಾಗ ಒಬ್ಬ ಹಿಂದೆ ಬಿದ್ದ. ಕಾರಿನೊಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವನು ಕಾರಿನ ಸುತ್ತ ಸುತ್ತಿದ, ಒಂದೊಂದೇ ಹಿಡಿ ಎಳೆದು ನೋಡಿದ. ಬಾಗಿಲು ತೆಗೆದ ಕೀಲಿಕೈ ಬ್ಯಾಗಿನ ಜೊತೆ ಕಾರಿನ ಅಡಿಗೆ ಬಿದ್ದಿತ್ತು, ಪುಣ್ಯಕ್ಕೆ ಅವನಿಗೆ ಕಾಣಲಿಲ್ಲ. ಫೋನ್ ಸತ್ತಿತ್ತು. ಹತ್ತು ಹೆಜ್ಜೆ ದೂರದ ಎಮರ್ಜೆನ್ಸಿ ಫೋನಿಗೆ ‘ಕೆಟ್ಟಿದೆ’ ಎಂದು ಟೇಪ್ ಸುತ್ತಿದ್ದರು. ನಲವತ್ತು ನಿಮಿಷ. ಆಮೇಲೆ ಅವನೇ ಹೋದ.

ಹೆದರಿಕೆ ಎರಡು ವಾರದಲ್ಲಿ ಇಳಿಯಿತು. ಸಿಟ್ಟು ಇಳಿದಿಲ್ಲ. ಇಳಿಯುವುದೂ ಬೇಡ.

ಇದನ್ನೆಲ್ಲ ಮೈಕಿನಲ್ಲಿ ಹೇಳಿದೆ, ಕೊನೆಗೆ ಒಂದು ಮಾತು ಸೇರಿಸಿದೆ — ಲೈಸೆನ್ಸ್ ತೆಗೆದುಕೊಳ್ಳುವವರು ಜವಾಬ್ದಾರಿ ಜನ, ನಮ್ಮನ್ನು ನಂಬಿ. ಚೆನ್ನಾಗಿ ಬಂತು. ವೇಡ್ ಮೂರು ಸಲ ಕೇಳಿಸಿಕೊಂಡನಂತೆ.

ಮೇ 31. ಭಾನುವಾರ

ಕಾಲೇಜಿಗೆ ಪಿಸ್ತೂಲು ತರಲು ಬಿಡುವ ಮಸೂದೆ ಪಾಸ್!! ಜಾರಿ ಮುಂದಿನ ವರ್ಷ ಆಗಸ್ಟ್ ಒಂದರಿಂದ. ವೇಡ್ ಟ್ರಕ್ಕಿನ ಹಾರ್ನ್ ಒತ್ತಿಕೊಂಡು ಹಾಸ್ಟೆಲಿಗೆ ಎರಡು ಸುತ್ತು ಹಾಕಿದ. ವರ್ನಾ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳು. ಸರಿ, ಇನ್ನು ಓದಿನ ಕಡೆ ನೋಡು ಎಂದಳು. ಅಷ್ಟೇ. ಅವಳ ಸಂತೋಷ ಯಾವತ್ತೂ ಅಷ್ಟೇ.

ನವೆಂಬರ್ 9. ಸೋಮವಾರ

ಕಾಲೇಜಿನ ಸಮಿತಿಯಲ್ಲಿದ್ದೇನೆ! ಪಿಸ್ತೂಲು ಎಲ್ಲಿ ತರಬಹುದು, ಎಲ್ಲಿ ಕೂಡದು, ಪ್ರತಿ ಕಾಲೇಜೂ ನಿಯಮ ಬರೆದುಕೊಳ್ಳಬೇಕು. ಒಂಬತ್ತು ಜನ. ವಿದ್ಯಾರ್ಥಿ ನಾನೊಬ್ಬಳೇ. ಅಧ್ಯಕ್ಷತೆ ಸ್ಟ್ರೌಡ್ ಮೇಡಂ.

ನಮ್ಮ ಕಡೆಯವರು ಉಡಾಫೆ ಜನ ಎಂದು ಅವರೆಲ್ಲ ತೀರ್ಮಾನ ಮಾಡಿಕೊಂಡೇ ಕುಳಿತಿದ್ದರು. ತೋರಿಸೋಣ ಎಂದು ಆರನೇ ನಿಯಮ ನಾನೇ ಬರೆದುಕೊಂಡು ಹೋಗಿದ್ದೆ. ವಾರಸುದಾರರಿಲ್ಲದ ಪಿಸ್ತೂಲು ಕಂಡರೆ ಲೈಸೆನ್ಸ್ ಇಲ್ಲದವರು ಮುಟ್ಟಕೂಡದು, ಕದಲಿಸಕೂಡದು. ಅಲ್ಲಿಂದಲೇ ಕ್ಯಾಂಪಸ್ ಪೊಲೀಸರಿಗೆ ಫೋನ್ ಮಾಡಬೇಕು. ಮೀರಿದರೆ ಕ್ರಮ, ಕೆಲಸದಿಂದ ತೆಗೆಯುವವರೆಗೂ.

ಮೇಡಂ ಕನ್ನಡಕದ ಮೇಲಿಂದ ನೋಡಿ ಕೇಳಿದರು: “ಸಿಬ್ಬಂದಿಗೂ?”

“ಎಲ್ಲರಿಗೂ. ಒಬ್ಬರಿಗೊಂದು ಇನ್ನೊಬ್ಬರಿಗೊಂದು ಮಾಡಿದ್ರೆ ಅದು ನಿಯಮ ಹೇಗಾಗತ್ತೆ ಮೇಡಂ?”

ಒಂಬತ್ತಕ್ಕೆ ಒಂಬತ್ತು. ಇಡೀ ಪಟ್ಟಿಯಲ್ಲಿ ಎಲ್ಲರೂ ಒಪ್ಪಿದ್ದು ಇದೊಂದೇ. ಲೈಬ್ರರಿಗೆ ಪಿಸ್ತೂಲು ತರಬಹುದು ಎನ್ನುವುದನ್ನು ಐದು ನಾಲ್ಕರಲ್ಲಿ ಗೆದ್ದೆವು, ಅದೂ ಒಂದು ಷರತ್ತಿನ ಮೇಲೆ: ಜಾರಿಯಾದ ಮೇಲೆ ಸೆಪ್ಟೆಂಬರಿನಲ್ಲಿ ಮತ್ತೆ ಕೂತು ನೋಡಬೇಕು. ನೋಡಲಿ.

ಮಾರ್ಚ್ 2, 2016. ಬುಧವಾರ

ಇಪ್ಪತ್ತೊಂದು ತುಂಬಿತು. ಲೈಸೆನ್ಸ್ ತರಗತಿಗೆ ಹೆಸರು ಕೊಟ್ಟೆ. ಸಂಜೆ ಚಿಕ್ಕಮ್ಮ ಪೀಚ್ ಹಣ್ಣಿನ ಕೇಕ್ ಮಾಡಿದ್ದಳು. ತಿಂದ ಮೇಲೆ ತನ್ನ ಪಿಸ್ತೂಲು ತಂದು ಮೇಜಿನ ಮೇಲಿಟ್ಟಳು — ಇನ್ನು ನಿನ್ನದು. ಇಪ್ಪತ್ತೆರಡು ವರ್ಷದ ಹಿಂದೆ ಪಕ್ಕದ ಜಮೀನಿನವನಿಂದ ಕೊಂಡದ್ದು. ಅವನೂ ಇಲ್ಲ, ಅವನಿಗೆ ಮಾರಿದ ಅಂಗಡಿಯೂ ಇಲ್ಲ. ಕಾಗದಪತ್ರ ಇಲ್ಲ, ಇಲ್ಲಿ ಅದನ್ನು ಯಾರೂ ಕೇಳುವುದೂ ಇಲ್ಲ.

ಪಾಠ ಶುರು. ಖಾಲಿ ಮಾಡುವುದು, ತುಂಬುವುದು, ಒರೆಯಲ್ಲಿಡುವುದು, ಎಲ್ಲ ಹತ್ತು ಹತ್ತು ಸಲ. ಕೊನೆಗೆ ಟಾಯ್ಲೆಟ್ ಪಾಠ.

“ಪ್ಯಾಂಟ್ ಇಳಿಸಿದ್ರೆ ಒರೆ ವಾಲತ್ತೆ. ವಾಲಿದ ಕೂಡ್ಲೆ ತೆಗೆದು ಎಲ್ಲಾದ್ರೂ ಇಡೋಣ ಅನ್ಸತ್ತೆ. ಟಾಯ್ಲೆಟ್ ಪೇಪರ್ ಡಬ್ಬಿ ಮೇಲೆ, ಬಾಗಿಲ ಕೊಕ್ಕೆಗೆ, ಎಲ್ಲೂ ಇಡಬೇಡ. ಒರೆ ಬಿಟ್ಟು ಅದು ಹೊರಗೇ ಬರಬಾರದು. ಇಟ್ಟವರೆಲ್ಲ ಒಂದಿನ ಮರೆತಿದ್ದಾರೆ.”

“ನೀನೂ ಮರೆತಿದ್ದೆಯಾ?”

ಇನ್ನೊಂದು ತುಂಡು ಕೇಕ್ ಕತ್ತರಿಸಿ ನನ್ನ ತಟ್ಟೆಗೆ ಹಾಕಿದಳು. ನಕ್ಕೂ ನಕ್ಕೂ ಹೊಟ್ಟೆ ನೋವು ಬಂತು ನನಗೆ.

ಆಗಸ್ಟ್ 1. ಸೋಮವಾರ

ಮೊದಲ ದಿನ. ಏಳೂಕಾಲಿಗೇ ಲೈಬ್ರರಿಗೆ ಹೋದೆ, ಶರ್ಟಿನ ಒಳಗೆ ಪಿಸ್ತೂಲಿಟ್ಟುಕೊಂಡು. ಬಾಗಿಲು ದಾಟುವಾಗ ಎರಡು ಸಲ ಶರ್ಟು ಕೆಳಗೆ ಎಳೆದುಕೊಂಡೆ, ಸುಳ್ಳು ಯಾಕೆ. ಏನೂ ಆಗಲಿಲ್ಲ. ಬೇಸಿಗೆ ರಜೆ, ಹನ್ನೆರಡು ಜನ ಇದ್ದರು, ಅರ್ಧದಷ್ಟು ಜನ ನಿದ್ದೆ ಹೊಡೆಯುತ್ತಿದ್ದರು.

ಎರಡನೇ ಮಹಡಿಯ ಮೂಲೆಯ ಮೇಜು ನನ್ನದು. ಅದನ್ನು ಮೊದಲು ಒರೆಸಿಡುವವರು ಒಫೀಲಿಯಾ ಬುಸ್ತೋಸ್, ಆ ಮಹಡಿ ಗುಡಿಸಿ ತೊಳೆಯುವವರು, ಹತ್ತೊಂಬತ್ತು ವರ್ಷದಿಂದ. ನನ್ನನ್ನು ಮಗೂ ಎನ್ನುತ್ತಾರೆ. ಪರೀಕ್ಷೆ ಸಮಯದಲ್ಲಿ ಮನೆಯಿಂದ ಬೀನ್ಸ್ ಸುತ್ತಿದ ರೊಟ್ಟಿ ತಂದುಕೊಡುತ್ತಾರೆ. ಇಂದು ಮಾಪ್ ನಿಲ್ಲಿಸಿ ಕೇಳಿದರು, ಪಿಸ್ತೂಲಿನವರು ಬರುವುದು ಇವತ್ತಿನಿಂದಲೇ ಅಲ್ಲವಾ, ಯಾರ ಹತ್ತಿರ ಇದೆ ಎಂದು ತಿಳಿಯುವುದು ಹೇಗೆ ಎಂದು. ತಿಳಿಯುವುದಿಲ್ಲ, ತಿಳಿಯಬಾರದೆಂಬುದೇ ಕಾನೂನು ಎಂದೆ.

“ಸರಿ. ಎಲ್ಲರ ಹತ್ರಾನೂ ಇದೆ ಅಂದ್ಕೊಂಡು ಗುಡಿಸ್ತೀನಿ.”

ತಮಾಷೆಯಾಗಿಯೇ ಹೇಳಿದರು. ತಂದಿರುವವರೆಲ್ಲ ಜವಾಬ್ದಾರಿ ಜನ, ಯೋಚನೆ ಮಾಡಬೇಡಿ ಎಂದೆ. ತಲೆಯಾಡಿಸಿ ಬಕೆಟ್ ತಳ್ಳಿಕೊಂಡು ಹೋದರು.

ಸೆಪ್ಟೆಂಬರ್ 12. ಸೋಮವಾರ

ಆರು ವಾರ. ಒಂದು ಗುಂಡು ಹಾರಿಲ್ಲ, ಒಂದು ದೂರು ಇಲ್ಲ. ಇಪ್ಪತ್ತೆರಡಕ್ಕೆ ಸಮಿತಿ. ನನ್ನ ಭಾಷಣ ರೆಡಿ, ಒಂದೂವರೆ ಪುಟ. ಲೈಬ್ರರಿ ವಿಷಯ ಈ ಸಲ ಆರು ಮೂರು ಆಗುತ್ತದೆ, ಬರೆದುಕೊಡುತ್ತೇನೆ.

ಸೆಪ್ಟೆಂಬರ್ 13. ಮಂಗಳವಾರ, ಮಧ್ಯಾಹ್ನ 2

ಇದ್ದದ್ದು ಇದ್ದ ಹಾಗೆ ಬರೆಯಬೇಕು.

ಬೆಳಿಗ್ಗೆ ಒಂಬತ್ತೂವರೆ, ಲೈಬ್ರರಿ ಎರಡನೇ ಮಹಡಿ, ಹೆಂಗಸರ ಟಾಯ್ಲೆಟ್. ಒರೆ ವಾಲಿತು. ತೆಗೆದೆ. ಪೇಪರ್ ಡಬ್ಬಿಯ ಮೇಲಿಟ್ಟೆ. ಅಷ್ಟರಲ್ಲಿ ಕಾಲೇಜು ಪತ್ರಿಕೆಯ ಹುಡುಗಿಯ ಮೆಸೇಜ್ — ಮುಂದಿನ ಗುರುವಾರದ ಸಭೆಯ ಬಗ್ಗೆ ಎರಡು ಮಾತು ಬೇಕಂತೆ. ಟೈಪ್ ಮಾಡುತ್ತಲೇ ಎದ್ದೆ, ಟೈಪ್ ಮಾಡುತ್ತಲೇ ಕೈ ತೊಳೆದೆ, ಟೈಪ್ ಮಾಡುತ್ತಲೇ ಹೊರಟೆ. ಏನು ಟೈಪ್ ಮಾಡಿದೆ ಎಂಬುದೂ ನೆನಪಿದೆ. ‘ನಮ್ಮಲ್ಲಿ ಒಬ್ಬರೂ ತಪ್ಪು ಮಾಡಿಲ್ಲ.’

ಕ್ಲಾಸಿನಲ್ಲಿ ಕೂತು ಇಪ್ಪತ್ತು ನಿಮಿಷ. ಬಲಗಡೆ ಏನೋ ಹಗುರ. ಮುಟ್ಟಿ ನೋಡಿಕೊಂಡೆ.

ಓಡಿದೆ. ಡಬ್ಬಿ ಇತ್ತು. ಪಿಸ್ತೂಲು ಇರಲಿಲ್ಲ. ಕೆಳಗೆ ಪೊಲೀಸರ ಕಾರು.

ಅಲ್ಲಿಗೆ ಹೋಗಿ ನನ್ನದು ಎನ್ನಬೇಕಿತ್ತು. ಪಕ್ಕದ ಬಾಗಿಲಿನಿಂದ ಹೊರಗೆ ಬಂದೆ.

ಸೆಪ್ಟೆಂಬರ್ 14. ಬುಧವಾರ

ಪಿಸ್ತೂಲು ಸಿಕ್ಕಿದ್ದು ಒಫೀಲಿಯಾಗೆ.

ವೇಡ್‌ಗೆ ಪೊಲೀಸ್ ಆಫೀಸಿನಲ್ಲಿ ಪರಿಚಯದವರಿದ್ದಾರೆ, ಅವನೇ ಸುದ್ದಿ ತಂದ. ಕಸ ಗುಡಿಸುವವರು ಫೋನನ್ನು ಕೆಳಗಿನ ಲಾಕರಿನಲ್ಲಿಟ್ಟು ಬರಬೇಕಂತೆ, ಕೆಲಸದ ಹೊತ್ತಿನಲ್ಲಿ ಮಾತಾಡುತ್ತಾರೆಂದು. ನನಗೆ ಗೊತ್ತಿರಲಿಲ್ಲ. ಸಮಿತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದೇ ಹೊತ್ತಿಗೆ ಪ್ರೈಮರಿ ಶಾಲೆಯ ಮಕ್ಕಳು ಲೈಬ್ರರಿ ನೋಡಲು ಮೆಟ್ಟಿಲು ಹತ್ತಿ ಬರುತ್ತಿದ್ದರು, ಎರಡನೇ ಕ್ಲಾಸಿನವರು. ಒಫೀಲಿಯಾ ಪಿಸ್ತೂಲನ್ನು ಒರೆಸುವ ಬಟ್ಟೆಯಲ್ಲಿ ಸುತ್ತಿ, ತಳ್ಳುಗಾಡಿಯಲ್ಲಿಟ್ಟು, ಲಿಫ್ಟಿನಲ್ಲಿ ಇಳಿದು ಕೌಂಟರಿಗೆ ಒಪ್ಪಿಸಿದರು.

ಮುಟ್ಟಿದರು, ಕದಲಿಸಿದರು, ಫೋನ್ ಮಾಡಲಿಲ್ಲ. ಆರನೇ ನಿಯಮ. ಇಂದಿನಿಂದ ಸಂಬಳವಿಲ್ಲದ ರಜೆ.

ವೇಡ್‌ಗೆ ನಿಜ ಹೇಳಿದೆ. ಎದ್ದು ಬಾಗಿಲು ಹಾಕಿ ಬಂದ.

“ಆ ಪಿಸ್ತೂಲಿಗೆ ಅಪ್ಪ ಅಮ್ಮ ಇಲ್ಲ ಡಾರ್ಸಿ. ನೀನು ಬಾಯಿ ಬಿಡದೇ ಇದ್ರೆ ಯಾರಿಗೂ ಗೊತ್ತಾಗಲ್ಲ. ಸಮಿತಿ ಮುಗೀಲಿ, ಆಮೇಲೆ ಆಯಮ್ಮನಿಗೆ ಏನಾದ್ರೂ ಮಾಡೋಣ.”

ಅವನು ಹೇಳುವುದರಲ್ಲೂ ಅರ್ಥ ಇದೆ. ಎರಡು ವರ್ಷದ ಕೆಲಸ. ಒಂದು ಪೇಪರ್ ಡಬ್ಬಿ.

ಸೆಪ್ಟೆಂಬರ್ 20. ಮಂಗಳವಾರ

ಐದು ದಿನ ಬರೆದಿಲ್ಲ. ಕೂತರೆ ಎರಡು ಸಾಲು, ಹೊಡೆದುಹಾಕುವುದು. ಹರಿದ ಹಾಳೆಗಳು ಕಸದ ಬುಟ್ಟಿಯಲ್ಲಿವೆ. ನನಗೆ ಬೇಕಾದ ವಾದಗಳೆಲ್ಲ ಅದರಲ್ಲಿದ್ದವು: ಒಬ್ಬಳ ಮರೆವಿಗೆ ಸಾವಿರ ಜನರ ಹಕ್ಕು ಹೋಗಬಾರದು, ಇತ್ಯಾದಿ. ಚೆನ್ನಾಗಿಯೇ ಇದ್ದವು ವಾದಗಳು.

ಇಂದು ಸಮಿತಿಯ ಕಾಗದಗಳು ಬಂದವು. ನಾಲ್ಕನೇ ವಿಷಯ: ಒ. ಬುಸ್ತೋಸ್, ಆರನೇ ನಿಯಮ ಉಲ್ಲಂಘನೆ, ಕೆಲಸದಿಂದ ತೆಗೆಯಲು ಶಿಫಾರಸು. ಅದಕ್ಕೂ ನಾನು ಕೈ ಎತ್ತಬೇಕು.

ಚಿಕ್ಕಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

“ಪಿಸ್ತೂಲು ಯಾರದು?”

“ನನ್ನದು.”

“ಹಾಗಾದ್ರೆ ಹೋಗಿ ನಂದು ಅನ್ನು. ಇದರಲ್ಲಿ ಕೇಳೋದೇನಿದೆ?”

ಫೋನ್ ಇಟ್ಟಳು. ಏಳು ದಿನದಲ್ಲಿ ಮೊದಲ ಸಲ ಹೊಟ್ಟೆ ಹಸಿಯಿತು. ಎರಡು ಬರ್ಗರ್ ತಿಂದೆ. ಒಂದೂವರೆ ಪುಟದ ಭಾಷಣ ಹರಿದುಹಾಕಿ ಹೊಸದು ಬರೆದೆ — ಅರ್ಧ ಪುಟ.

ಸೆಪ್ಟೆಂಬರ್ 22. ಗುರುವಾರ, ಸಂಜೆ

ಮಾಡಿದೆ.

ರೂಮು ತುಂಬಿತ್ತು. ಪತ್ರಿಕೆಯವರು, ನಮ್ಮವರು, ಅವರವರು, ಗೋಡೆಗೆ ಒರಗಿ ವೇಡ್. ನನ್ನ ಸರದಿ ಬಂತು. ಎದ್ದು ನಿಂತೆ. ಲೈಬ್ರರಿಯಲ್ಲಿ ಸಿಕ್ಕ ಪಿಸ್ತೂಲು ನನ್ನದು ಎಂದೆ. ಎಲ್ಲಿಟ್ಟೆ, ಯಾಕೆ ಮರೆತೆ, ಪಕ್ಕದ ಬಾಗಿಲಿನಿಂದ ಹೇಗೆ ಹೊರಟೆ, ಎಲ್ಲ. ಮೆಸೇಜಿನಲ್ಲಿ ಏನು ಬರೆದಿದ್ದೆ ಎಂಬುದನ್ನೂ ಓದಿದೆ. ಯಾರೋ ಫಕ್ಕನೆ ನಕ್ಕರು, ಆಮೇಲೆ ಯಾರೂ ನಗಲಿಲ್ಲ.

ಸ್ಟ್ರೌಡ್ ಮೇಡಂ ಕೇಳಿದರು: “ಇಷ್ಟಾದ ಮೇಲೂ ಕಾನೂನು ಸರಿ ಅಂತೀಯಾ?”

“ಸರಿ ಅಂತೀನಿ ಮೇಡಂ. ಕಾನೂನು ಮರೆತಿಲ್ಲ. ನಾನು ಮರೆತೆ.”

“ಮರೆಯೋದು ಕಾನೂನಲ್ಲ, ಜನ. ನಾನು ಎರಡು ವರ್ಷದಿಂದ ಹೇಳ್ತಿರೋದೂ ಅದನ್ನೇ.”

ಒಪ್ಪುವುದಿಲ್ಲ. ಆದರೆ ಮೇಡಂ ಹೇಳಿದ್ದನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡೆ. ಇರಲಿ, ಉತ್ತರ ಹುಡುಕುತ್ತೇನೆ.

ಸಮಿತಿ ಬಿಡುವ ಮೊದಲು ಒಂದೇ ಒಂದು ತಿದ್ದುಪಡಿ ಕೇಳಿದೆ. ಅಪಾಯ ತಪ್ಪಿಸಲು ಪಿಸ್ತೂಲು ಎತ್ತಿಟ್ಟವರ ಮೇಲೆ ಕ್ರಮ ಕೂಡದು. ಗುಡಿಸುವವರ ಫೋನು ಅವರ ಜೇಬಿನಲ್ಲೇ ಇರಬೇಕು. ಅನುಮೋದಿಸಿದ್ದು ಸ್ಟ್ರೌಡ್ ಮೇಡಂ! ಒಂಬತ್ತಕ್ಕೆ ಒಂಬತ್ತು. ನಾಲ್ಕನೇ ವಿಷಯ ರದ್ದು, ಸೋಮವಾರದಿಂದ ಒಫೀಲಿಯಾ ಕೆಲಸಕ್ಕೆ, ತಡೆದ ಸಂಬಳ ಸಮೇತ.

ಆಮೇಲೆ ನನ್ನ ರಾಜೀನಾಮೆ. ಉಳಿದ ಎಂಟು ಜನರಲ್ಲಿ ಲೈಬ್ರರಿ ವಿಷಯ ಐದು ಮೂರರಲ್ಲಿ ಸೋತೆವು. ಇನ್ನು ಅಲ್ಲಿಗೆ ಯಾರೂ ಪಿಸ್ತೂಲು ತರುವಂತಿಲ್ಲ. ಈ ವರ್ಷ ನಾನು ಕ್ಯಾಂಪಸ್ಸಿಗೇ ತರುವಂತಿಲ್ಲ. ಲೈಸೆನ್ಸಿನ ವಿಷಯ ಮೇಲಿನವರು ನೋಡುತ್ತಾರಂತೆ. ವೇಡ್ ಟೋಪಿ ಹಾಕಿಕೊಂಡು ಹೊರಟುಹೋದ. ನಾಲ್ಕು ದಿನಕ್ಕೆ ಬರುತ್ತಾನೆ, ಗೊತ್ತು ಅವನು.

ಬಾಗಿಲ ಹತ್ತಿರ ಕೆಲವರು ಚಪ್ಪಾಳೆ ತಟ್ಟಿದರು. ಅದರಲ್ಲಿ ಕ್ಯಾರೆಟ್ ತುರುಕಿದವರಲ್ಲಿ ಒಬ್ಬನೂ ಇದ್ದ. ಧೈರ್ಯ ಬೇಕು ಇದಕ್ಕೆ ಎಂದ. ಬೇಕು, ಹೌದು. ಇಷ್ಟೆಲ್ಲ ಸೋತರೂ ಬೆನ್ನು ನೆಟ್ಟಗಾಗಿದೆ. ನಾಳೆ ಒಫೀಲಿಯಾ ಮನೆಗೆ ನಾನೇ ಹೋಗಿ ಸುದ್ದಿ ಹೇಳುತ್ತೇನೆ.

ಸೆಪ್ಟೆಂಬರ್ 23. ಶುಕ್ರವಾರ, ಸಂಜೆ 5

ಹೋಗಿ ಬಂದೆ. ಕಾಲೇಜಿನ ಹಿಂದೆ ನಾಲ್ಕೇ ಬೀದಿ. ನಡೆದರೆ ಹತ್ತು ನಿಮಿಷ.

ಅಡುಗೆಮನೆಯಲ್ಲಿ ಕೂರಿಸಿದರು, ಕಾಫಿ ಕೊಟ್ಟರು. ಸುದ್ದಿ ಆಗಲೇ ಗೊತ್ತಿತ್ತು. ಆಫೀಸಿನವರು ಬೆಳಿಗ್ಗೆ ಫೋನ್ ಮಾಡಿದ್ದರಂತೆ. ಆ ಪಿಸ್ತೂಲು ನನ್ನದು, ಕ್ಷಮಿಸಿ ಎಂದೆ. ಚೆನ್ನಾಗಿ ಹೇಳಿದೆ ಎಂದೇ ಅಂದುಕೊಂಡಿದ್ದೆ.

“ಗೊತ್ತು ಮಗೂ. ನೀನು ಟಾಯ್ಲೆಟಿನಿಂದ ಹೊರಗೆ ಬರೋವಾಗ ಬಾಗಿಲು ಹಿಡ್ಕೊಂಡಿದ್ದು ನಾನೇ ಅಲ್ವಾ. ನೀನು ಥ್ಯಾಂಕ್ಸ್ ಅಂದೆ. ಫೋನ್ ನೋಡ್ತಿದ್ದೆ, ನನ್ನ ಮುಖ ನೋಡಲಿಲ್ಲ.”

ಆಗಲೇ ಯಾಕೆ ಕೂಗಲಿಲ್ಲ ಎಂದು ಕೇಳಿದೆ, ತಪ್ಪು ಅವರದೆನ್ನುವ ಹಾಗೆ.

“ಲೈಬ್ರರಿಲಿ, ‘ಅಮ್ಮಾ, ಪಿಸ್ತೂಲು ಮರೆತು ಬಿಟ್ಟು ಹೋಗ್ತಿದ್ದೀಯ’ ಅಂತ ಕೂಗ್ಲಾ? ಮೆಟ್ಟಿಲ ಮೇಲೆ ಅಷ್ಟೊಂದು ಮಕ್ಕಳು.”

ನಗುವ ಹಾಗೆಯೇ ಹೇಳಿದರು. ನನಗೂ ನಗು ಬಂತು, ಅಲ್ಲೇ ನಿಂತಿತು. ಪೊಲೀಸರು ಎರಡು ಸಲ ಕೇಳಿದ್ದರಂತೆ, ಒಳಗಿಂದ ಯಾರು ಬಂದರು ನೋಡಿದೆಯಾ ಎಂದು. ನೆಲ ನೋಡ್ತಿದ್ದೆ ಎಂದರಂತೆ. ನೀನು ಸಮಿತಿಯವಳು, ನಾನು ಹೇಳಿದರೆ ಯಾರು ನಂಬುತ್ತಾರೆ — ಅದೊಂದು. ಇನ್ನೊಂದು ಎಂದು ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದರು.

“ರೇಡಿಯೋದಲ್ಲಿ ಅಷ್ಟು ಚೆನ್ನಾಗಿ ಮಾತಾಡಿದ್ದೆ. ಇವಳೇ ಬರ್ತಾಳೆ ಅನ್ಕೊಂಡೆ. ಬುಧವಾರ ಕಾದೆ, ಗುರುವಾರ ಕಾದೆ. ಶುಕ್ರವಾರದಿಂದ ಬೇರೆ ಕಡೆ ಕೆಲಸ ಕೇಳೋಕೆ ಹೊರಟೆ. ಐವತ್ತೆಂಟಕ್ಕೆ ಯಾರು ಕೊಡ್ತಾರೆ.”

ಒಂಬತ್ತು ದಿನ. ನಾಲ್ಕು ಬೀದಿ. ನಾನು ಚಪ್ಪಾಳೆ ಇದ್ದ ರೂಮಿಗೆ ಹೋದೆ, ಈ ಅಡುಗೆಮನೆಗೆ ಬರಲಿಲ್ಲ. ನಾಚಿಕೆಯಾಯಿತು. ಬೇರೆ ಪದ ಇಲ್ಲ ಅದಕ್ಕೆ.

ಏಳುವ ಹೊತ್ತಿಗೆ ಲೋಟ ತೊಳೆಯುತ್ತ, ನನ್ನ ಕಡೆ ತಿರುಗದೆ ಕೇಳಿದರು:

“ನನ್ನ ಕೆಲಸಕ್ಕೆ ಏನೂ ಆಗದೇ ಇದ್ದಿದ್ರೆ? ಅದು ಪೊಲೀಸರ ಬೀರುವಲ್ಲಿ ಸುಮ್ನೆ ಬಿದ್ದಿದ್ರೆ, ಆಗ್ಲೂ ಹೇಳ್ತಿದ್ದೆಯಾ?”

ಹೇಳ್ತಿದ್ದೆ ಎಂದೆ. ತಕ್ಷಣ, ಗಟ್ಟಿಯಾಗಿ, ಮೈಕಿನ ಮುಂದೆ ಹೇಳುವ ಹಾಗೆ. ಅವರು ತಲೆಯಾಡಿಸಿದರು. ಗೇಟಿನವರೆಗೆ ಬಂದು ಕಳಿಸಿಕೊಟ್ಟರು.

ಈ ಪುಸ್ತಕ ಯಾರೂ ಓದುವುದಿಲ್ಲ. ಇಲ್ಲಿ ಸಮಿತಿ ಇಲ್ಲ, ರೇಡಿಯೋ ಇಲ್ಲ, ವೇಡ್ ಇಲ್ಲ. ಇಲ್ಲಿಯಾದರೂ ಸರಿಯಾದ ಉತ್ತರ ಬರೆಯಬಹುದು.

‘ಹೇಳುತ್ತಿದ್ದೆ’ ಎಂದು ಬರೆದೆ, ಹೊಡೆದುಹಾಕಿದೆ. ಅವರ ಕೆಲಸಕ್ಕೆ ಏನೂ ಆಗದೇ ಇದ್ದಿದ್ದರೆ, ನಾನು…